ಒಪ್ಪಿಗೆ ಯಾರನ್ನು ಕೇಳಿ ಬರೆದುಕೊಂಡಿರಿ?

(ನವಿಲುತೀರ್ಥದಲ್ಲಿ ಹಾಸ್ಟೆಲ್ ಯುವಜನರಿಗಾಗಿ ನಡೆದ ಒಂದು ದಿನದ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)



ಬೈಲಹೊಂಗಲ, ಕಿತ್ತೂರು, ರಾಮದುರ್ಗ, ಸವದತ್ತಿಯ ಹಾಸ್ಟೆಲ್ಲುಗಳಿಂದ ಬಸ್ಸು, ಟೆಂಪೋ ಹಿಡಿದು ಬಂದಿದ್ದೀರಿ. ನವಿಲುತೀರ್ಥ ಅಂದರೆ ಸಾಲಿಯವರು ಮಕ್ಕಳನ್ನು ಕರಕೊಂಡು ಬರುವ ಜಾಗ. ಡ್ಯಾಮು ನೋಡು, ಬುತ್ತಿ ಬಿಚ್ಚು, ಮನೀಗೆ ಹೋಗು. ಇವತ್ತು ನಾವು ಅದಕ್ಕೆ ಬಂದಿಲ್ಲ. ಗುಡ್ಡಗಳ ನಡುವೆ ಮಲಪ್ರಭೆಯನ್ನು ಕಟ್ಟಿ ನಿಲ್ಲಿಸಿದ ಈ ನೀರು ಕಾಲುವೆ ಹಿಡಿದು ನವಲಗುಂದ, ನರಗುಂದದ ಹೊಲಗಳಿಗೆ ಹೋಗುತ್ತದೆ. ಆ ಕಡೆಯ ರೈತರು ಕರದ ವಿರುದ್ಧ ಎದ್ದು ನಿಂತಾಗ, 1980ರ ಜುಲೈ 21ರಂದು, ಗೋಲಿಬಾರು ಆಯಿತು. ಅದನ್ನು ನಾಡೇ ನೆನೆಯುತ್ತದೆ, ನೆನೆಯಬೇಕು ಕೂಡ. ಆದರೆ ಇಲ್ಲಿಂದ ಹೆಚ್ಚು ದೂರವಿಲ್ಲದ ಇನ್ನೊಂದು ಗುಡ್ಡ ಐತಿ. ಎಲ್ಲಮ್ಮನ ಗುಡ್ಡ. ಅಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳ ಮೇಲೆ ನೂರಾರು ವರ್ಷ ನಡೆದದ್ದಕ್ಕೆ ಯಾವ ಹುತಾತ್ಮ ದಿನವೂ ಇಲ್ಲ. ಇವತ್ತಿನ ಮಾತನ್ನು ನಾವು ಅಲ್ಲಿಂದಲೇ ಶುರು ಮಾಡುತ್ತೇವೆ.

ಮೊದಲು ಒಂದು ಅರ್ಜಿಯ ಮಾತು. ಹಾಸ್ಟೆಲಿಗೆ ಸೇರುವಾಗ ನಾವೆಲ್ಲ ಅರ್ಜಿ ತುಂಬಿದವರೆ. ಹೆಸರು, ಊರು, ಜಾತಿ. ಆಮೇಲೆ ಒಂದು ಗೆರೆ: ತಂದೆಯ ಹೆಸರು. ನಮ್ಮಲ್ಲಿ ಕೆಲವರು ಆ ಗೆರೆಯ ಮುಂದೆ ಪೆನ್ನು ಹಿಡಿದು ಕುಂತವರು. ಹಿಂದೆ ಸರತಿ ನಿಂತಿರುತ್ತದೆ, ಮೇಜಿನ ಆಚೆ ಕುಂತವರು, "ಲಗೂ ಬರಿಯೋ, ಅಪ್ಪನ ಹೆಸರು ಗೊತ್ತಿಲ್ಲೇನು?" ಅಂತಾರ. ಗೊತ್ತಿರುತ್ತದೆ. ಊರಿಗೇ ಗೊತ್ತಿರುತ್ತದೆ. ಯಾವ ವಾಡೆಯ ಯಾವ ಗೌಡ, ಯಾವ ಸಾಹುಕಾರ ಅನ್ನುವುದು ಕೇರಿಯ ಕೂಸಿಗೂ ಗೊತ್ತು. ಬರೆಯುವ ಹಾಗಿಲ್ಲ, ಅಷ್ಟೆ. ಕಡೆಗೆ ಅವ್ವನ ಅಣ್ಣನ ಹೆಸರನ್ನೋ, ದೇವರ ಹೆಸರನ್ನೋ ಬರೆದು ಎದ್ದು ಬಂದಿದ್ದೇವೆ. ಅವತ್ತು ನಮಗೆ ನಾಚಿಕೆ ಆಗಿತ್ತು. ನಾಚಿಕೆ ಪಡಬೇಕಾದವರು ಬೇರೆ ಇದ್ದರು ಅಂತ ತಿಳಿಯುವುದಕ್ಕೆ ಬಹಳ ವರ್ಷ ಬೇಕಾದವು.

ಮುತ್ತು ಕಟ್ಟಿಸಿಕೊಂಡ ಹುಡುಗಿಯ ವಯಸ್ಸೆಷ್ಟು? ಎಂಟು, ಹತ್ತು, ಹನ್ನೆರಡು. ಅವಳನ್ನು ಯಾರಾದರೂ ಕೇಳಿದರೇನು? ಜಡಿ ಬಂತು, ಮನಿಯೊಳಗ ಗಂಡು ಕೂಸಿಲ್ಲ, ಬ್ಯಾನಿ ವಾಸಿ ಆಗಲಿಲ್ಲ, ಹಿರಿಯರ ಹರಕೆ ಐತಿ. ಹೀಗೆ ಕಾರಣಕ್ಕೆ ಬರವಿಲ್ಲ. ಕಾರಣ ಎಲ್ಲವೂ ದೇವರ ಕಡೆಯಿಂದ ಬಂದವು, ಉಪಯೋಗ ಮಾತ್ರ ಭೂಮಿ ಇದ್ದವನ ಮನೆಗೆ ಹೋಯಿತು. ಅವಳು ದೇವಿಗೆ ಬಿಟ್ಟವಳು, ಅವಳಿಗೆ ಬೇಡ ಅನ್ನುವ ಬಾಯಿ ಇಲ್ಲ ಅಂತ ಊರು ತೀರ್ಮಾನ ಮಾಡಿತು. ಬೇಡ ಅನ್ನಲಿಲ್ಲವಾದ್ದರಿಂದ ಒಪ್ಪಿಗೆ ಇತ್ತು ಅಂತಲೂ ಊರೇ ಹೇಳಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ದೊಡ್ಡ ದೊಡ್ಡ ಕೋರ್ಟುಗಳಲ್ಲಿಯೂ ಇದೇ ಮಾತು ಬೇರೆ ಅಂಗಿ ತೊಟ್ಟು ಬರುತ್ತದೆ.

ಕಾನೂನು ಇರಲಿಲ್ಲವೇನು? ಇತ್ತು. ಈ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ಮುಂಬಯಿ ದೇವದಾಸಿ ರಕ್ಷಣಾ ಕಾಯಿದೆ ಬಂತು. 1936ರ ಜೂನ್ 16ರಂದು ಬಾಬಾಸಾಹೇಬರು ಮುಂಬಯಿಯಲ್ಲಿ ವಾಘ್ಯಾ, ದೇವದಾಸಿ, ಜೋಗತಿ, ಆರಾಧಿಗಳ ಸಭೆಯಲ್ಲಿ ಮಾತಾಡಿ, ಈ ಬಾಳನ್ನು ಬಿಟ್ಟು ಹೊರಗೆ ಬನ್ನಿ, ಬಂದರಷ್ಟೇ ನಮ್ಮ ಜೊತೆ ನಡೆಯಬಲ್ಲಿರಿ ಎಂದು ಕಟುವಾಗಿಯೇ ಹೇಳಿದರು. ಕರ್ನಾಟಕ ಸರ್ಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧದ ಕಾಯಿದೆ ಮಾಡಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದು ಜಾರಿಯಾಗುವ ಹೊತ್ತಿಗೆ 1984 ಆಯಿತು. ಅದರ ನಂತರವೂ, 1993-94 ಮತ್ತು 2007-08ರ ಎರಡು ಸರ್ಕಾರಿ ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ಮಂದಿ ದೇವದಾಸಿಯರನ್ನು ಪಟ್ಟಿ ಮಾಡಿದವು. ಪಟ್ಟಿಗೆ ಬರದವರು, ಮುಂಬಯಿ ಪುಣೆಯ ಓಣಿಗಳಲ್ಲಿ ಸತ್ತವರು ಲೆಕ್ಕಕ್ಕಿಲ್ಲ.

1982ರ ಕಾಯಿದೆಯನ್ನು ಓದಿ ನೋಡಿ. ಮುತ್ತು ಕಟ್ಟಿದವರಿಗೆ ಶಿಕ್ಷೆ ಐತಿ. ಹೆತ್ತವರೇ ಕಟ್ಟಿಸಿದ್ದರೆ ಇನ್ನೂ ಹೆಚ್ಚು ಶಿಕ್ಷೆ ಐತಿ. ಹೆತ್ತವರು ಯಾರು? ಕೂಲಿ ಮಾಡುವ ಹೊಲೆಯರು, ಮಾದಿಗರು, ಸಮಗಾರರು. ಅವರು ತಪ್ಪು ಮಾಡಲಿಲ್ಲ ಅಂತ ನಾವು ಹೇಳುವುದಿಲ್ಲ. ಆದರೆ ಆ ರಾತ್ರಿ ಕೇರಿಗೆ ಇಳಿದು ಬಂದವನು ಆ ಕಾಯಿದೆಯಲ್ಲಿ ಎಲ್ಲಿ? ಮಕ್ಕಳ ಅಪ್ಪ ಎಲ್ಲಿ? ಕಾನೂನು ಅವನ ಮನೆಯ ಬಾಗಿಲು ಬಡಿಯಲಿಲ್ಲ. ನಾವು ತುಂಬದೆ ಬಿಟ್ಟ ಆ ಗೆರೆ, ಕಾನೂನಿನಲ್ಲಿಯೂ ಖಾಲಿಯೇ ಇತ್ತು. ಅದು ತುಂಬಲು ಶುರುವಾದದ್ದು ಬಹಳ ತಡವಾಗಿ. 2016ರ ಜನವರಿ 26ರಿಂದ ಜಾರಿಗೆ ಬಂದ ಅಟ್ರಾಸಿಟಿ ಕಾಯಿದೆಯ ತಿದ್ದುಪಡಿ, ಪರಿಶಿಷ್ಟರ ಹೆಣ್ಣುಮಗಳನ್ನು ದೇವದಾಸಿ ಬಿಡುವುದನ್ನು, ಬಿಡಲು ಪ್ರೋತ್ಸಾಹ ಕೊಡುವುದನ್ನು ದೌರ್ಜನ್ಯವೆಂದು ಹೆಸರಿಟ್ಟು ಕರೆಯಿತು. 2025ರ ಆಗಸ್ಟಿನಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ, ದೇವದಾಸಿಯರ ಮಕ್ಕಳು ದಾಖಲೆಗಳಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಕಡ್ಡಾಯ ಇಲ್ಲ ಅಂತ ಹೇಳಿತು. ಆ ಒಂದು ಸಾಲಿಗಾಗಿ ತಾಯಂದಿರು ಎಷ್ಟು ವರ್ಷ ಬೆಂಗಳೂರಿನ ರಸ್ತೆಯಲ್ಲಿ ಕುಂತರು! ಆ ಸಾಲು ನಮ್ಮ ಕಾಲಕ್ಕೆ ಇರಲಿಲ್ಲ. ನಿಮ್ಮ ಕಾಲಕ್ಕೆ ಐತಿ. ಮೇಜಿನ ಆಚೆ ಕುಂತವರಿಗೆ ಅದನ್ನು ಹೇಳುವ ಕೆಲಸ ನಿಮ್ಮದು.

ಈಗ ಒಪ್ಪಿಗೆ ಎನ್ನುವ ಮಾತಿಗೆ ಬರೋಣ.

1972ರ ಮಾರ್ಚ್ 26. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆ, ದೇಸಾಯಿಗಂಜ್ ಪೊಲೀಸ್ ಠಾಣೆ. ಹದಿನಾಲ್ಕೋ ಹದಿನಾರೋ ವಯಸ್ಸಿನ ಆದಿವಾಸಿ ಹುಡುಗಿ. ಹೇಳಿಕೆ ಕೊಡಲು ಮನೆಯವರ ಜೊತೆ ಠಾಣೆಗೆ ಹೋಗಿದ್ದಳು. ಮನೆಯವರನ್ನು ಹೊರಗೆ ಕಳಿಸಿ ಅವಳನ್ನು ಒಳಗೆ ನಿಲ್ಲಿಸಿಕೊಂಡರು. ಇದನ್ನು ಮಥುರಾ ಪ್ರಕರಣ ಎಂದು ಕಾನೂನಿನ ಪುಸ್ತಕಗಳು ಕರೆಯುತ್ತವೆ. ಕೆಳಗಿನ ಕೋರ್ಟು, ಈ ಹುಡುಗಿಗೆ ಇದು ರೂಢಿ ಇತ್ತು, ಆದ್ದರಿಂದ ಇದು ಅತ್ಯಾಚಾರವಲ್ಲ ಎಂದಿತು. ಹೈಕೋರ್ಟು, ಹೆದರಿ ಸುಮ್ಮನಾದದ್ದು ಒಪ್ಪಿಗೆ ಅಲ್ಲ ಎಂದು ಪೊಲೀಸರಿಗೆ ಶಿಕ್ಷೆ ಕೊಟ್ಟಿತು. 1978ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಅಳಿಸಿ ಹಾಕಿತು. ಮೈಮೇಲೆ ಗಾಯ ಇಲ್ಲ, ಕೂಗಿಕೊಂಡದ್ದಕ್ಕೆ ಪುರಾವೆ ಇಲ್ಲ, ಹಾಗಾದರೆ ಒಪ್ಪಿಗೆ ಇತ್ತು.

ಠಾಣೆಯ ಒಳಗೆ, ರಾತ್ರಿ ಹೊತ್ತಿನಲ್ಲಿ, ಖಾಕಿ ತೊಟ್ಟವನ ಮುಂದೆ ಕೂಲಿ ಹುಡುಗಿ ಯಾರನ್ನು ಕೂಗಬೇಕು? ಕೂಗಿದರೆ ಬರುವವನೂ ಪೊಲೀಸನೇ ಅಲ್ಲವೇನು? ಗುಡ್ಡದಲ್ಲಿ ಊರು ಹೇಳಿದ ಮಾತನ್ನೇ ದಿಲ್ಲಿಯ ಕೋರ್ಟು ಹೇಳಿತು. ಬೇಡ ಅನ್ನಲಿಲ್ಲ, ಆದ್ದರಿಂದ ಒಪ್ಪಿದಳು.

1979ರ ಸೆಪ್ಟೆಂಬರ್‌ನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಅವರು ಕೇಳಿದ್ದು ಸರಳ. ಶರಣಾಗುವುದು ಬೇರೆ, ಒಪ್ಪುವುದು ಬೇರೆ, ಈ ಫರಕು ನಿಮಗೆ ಕಾಣಲಿಲ್ಲವೇ? ಹೆಂಗಸರು ಬೀದಿಗೆ ಬಂದರು. 

ಅದೇ ಕಾಲದಲ್ಲಿ ನಮ್ಮ ರಾಜ್ಯಕ್ಕೂ ಒಂದು ಪ್ರಕರಣ ಬಂತು. 1978ರಲ್ಲಿ ಹೈದರಾಬಾದಿನ ಪೊಲೀಸರ ಮೇಲೆ ರಮೀಜಾ ಬೀ ಪ್ರಕರಣ ಎದ್ದಿತು. ಆಕೆಯ ಗಂಡ ರಿಕ್ಷಾ ತುಳಿಯುವವನು, ಪೊಲೀಸರ ಹೊಡೆತಕ್ಕೆ ಸತ್ತ. ಜನ ಬೀದಿಗಿಳಿದರು, ಗೋಲಿಬಾರು ಆಯಿತು. ವಿಚಾರಣಾ ಆಯೋಗ ಪೊಲೀಸರೇ ತಪ್ಪಿತಸ್ಥರು ಎಂದಿತು. ಆಮೇಲೆ ಖಟ್ಲೆ ರಾಯಚೂರಿಗೆ ವರ್ಗವಾಯಿತು. 1981ರಲ್ಲಿ ರಾಯಚೂರಿನ ಕೋರ್ಟಿನಲ್ಲಿ ಪೊಲೀಸರು ಬಿಡುಗಡೆಯಾದರು. ಖಟ್ಲೆಯ ಉದ್ದಕ್ಕೂ ಆ ಹೆಂಗಸಿನ ನಡತೆಯನ್ನೇ ಕಟಕಟೆಗೆ ಏರಿಸಿದ್ದರು.

ಇಷ್ಟೆಲ್ಲ ಆದ ಮೇಲೆ 1983ರಲ್ಲಿ ಕಾನೂನು ಬದಲಾಯಿತು. ಪೊಲೀಸರ ವಶದಲ್ಲಿ, ಜೈಲಿನಲ್ಲಿ, ಆಸ್ಪತ್ರೆಯಲ್ಲಿ ಅಧಿಕಾರ ಉಳ್ಳವನು ನಡೆಸಿದ ಅತ್ಯಾಚಾರಕ್ಕೆ ಬೇರೆ ಕಲಮು ಬಂತು. ಅಂಥ ಕಡೆ ಹೆಣ್ಣುಮಗಳು ನಾನು ಒಪ್ಪಿರಲಿಲ್ಲ ಅಂದರೆ ಕೋರ್ಟು ಅದನ್ನು ನಂಬಿ ಮುಂದುವರಿಯಬೇಕು ಎಂದಾಯಿತು. ನೊಂದವಳ ಹೆಸರು ಅಚ್ಚು ಹಾಕಬಾರದು ಎಂದಾಯಿತು. 2003ರಲ್ಲಿ, ಅವಳ ನಡತೆ ಕೆಟ್ಟದ್ದು ಅಂತ ಎತ್ತಿ ಆಡಿ ಸಾಕ್ಷಿ ಕೆಡಿಸುವ ಅವಕಾಶವನ್ನು ಸಾಕ್ಷ್ಯ ಕಾಯಿದೆಯಿಂದ ತೆಗೆದರು. 2012ರ ಡಿಸೆಂಬರ್‌ನ ದಿಲ್ಲಿ ಘಟನೆಯ ಬಳಿಕ ನ್ಯಾಯಮೂರ್ತಿ ವರ್ಮಾ ಸಮಿತಿ ಒಂದೇ ತಿಂಗಳಲ್ಲಿ ವರದಿ ಕೊಟ್ಟಿತು. 2013ರ ತಿದ್ದುಪಡಿ, ಮೈಯಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎನ್ನಬಾರದು ಅಂತ ಬರೆಯಿತು. 1972ರ ರಾತ್ರಿಯ ಪ್ರಶ್ನೆಗೆ ಉತ್ತರ ಬರೆಯಲು ನಾಲ್ವತ್ತೊಂದು ವರ್ಷ ಹಿಡಿಯಿತು. 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು, ಎರಡು ಬೆರಳಿನ ಪರೀಕ್ಷೆ ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದಿತು. ರೂಢಿ ಇತ್ತು ಎಂಬ ಮಾತು ಅಂಥ ತಪಾಸಣೆಗಳ ಚೀಟಿಯಿಂದಲೇ ಕೋರ್ಟಿಗೆ ಬರುತ್ತಿತ್ತು.

ಇಲ್ಲಿ ಒಂದು ಮಾತು ಗಮನಿಸಿ. ಕಾನೂನು ಬದಲಾಯಿತು, ಆದರೆ ಯಾರಿಂದ ಬದಲಾಯಿತೋ ಅವರಿಗೆ ನ್ಯಾಯ ಸಿಗಲಿಲ್ಲ. ಆ ಆದಿವಾಸಿ ಹುಡುಗಿ ಸೋತಳು. ರಾಯಚೂರಿನಲ್ಲಿ ಆ ಹೆಂಗಸು ಸೋತಳು. ರಾಜಸ್ಥಾನದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋದವರು. 1992ರಲ್ಲಿ ಮೇಲಿನ ಜಾತಿಯ ಗಂಡಸರು ಸೇಡು ತೀರಿಸಿಕೊಂಡರು. 1995ರಲ್ಲಿ ಕೆಳಗಿನ ಕೋರ್ಟು ಅತ್ಯಾಚಾರದ ಆರೋಪದಿಂದ ಅವರನ್ನು ಬಿಟ್ಟಿತು. ಮೇಲಿನ ಜಾತಿಯವನು ಕೆಳಜಾತಿಯ ಹೆಂಗಸನ್ನು ಮುಟ್ಟಿ ಮೈಲಿಗೆ ಆಗುತ್ತಾನೆಯೇ ಎಂಬ ವಾದ ಅಲ್ಲಿ ನಡೆಯಿತು. ನಮ್ಮ ಅವ್ವಂದಿರು ಇದನ್ನು ಕೇಳಿದರೆ ನಗುತ್ತಿದ್ದರು. ಹಗಲು ಬಾವಿಯಲ್ಲಿ ಮೈಲಿಗೆ, ರಾತ್ರಿ ಗುಡಿಸಲಲ್ಲಿ ಮೈಲಿಗೆ ಇಲ್ಲ, ಕೋರ್ಟಿನಲ್ಲಿ ಮತ್ತೆ ಮೈಲಿಗೆ! ಅದೇ ಭಂವರಿ ದೇವಿಯ ಪ್ರಕರಣದಿಂದ 1997ರಲ್ಲಿ ವಿಶಾಖಾ ತೀರ್ಪು ಬಂತು. ಅದರಿಂದ 2013ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯಿದೆ ಬಂತು. ನಿಮ್ಮ ಕಾಲೇಜಿನಲ್ಲಿ ಇರಬೇಕಾದ ಆಂತರಿಕ ದೂರು ಸಮಿತಿಯ ಬೇರು ರಾಜಸ್ಥಾನದ ಒಬ್ಬ ಕುಂಬಾರ ಹೆಂಗಸಿನ ಹಟದಲ್ಲಿ ಐತಿ. ಆ ಸಮಿತಿ ನಿಮ್ಮ ಕಾಲೇಜಿನಲ್ಲಿ ಐತೇನು? ಸದಸ್ಯರು ಯಾರು? ನಾಳೆ ಹೋಗಿ ಕೇಳಿ.

ಈಗ ಸಂವಿಧಾನದ ಮಾತು. ಬಾಬಾಸಾಹೇಬರು 1949ರ ನವೆಂಬರ್ 25ರಂದು, ಸಂವಿಧಾನ ಎಷ್ಟು ಒಳ್ಳೆಯದಾದರೂ ಅದನ್ನು ನಡೆಸುವವರು ಕೆಟ್ಟವರಾದರೆ ಅದೂ ಕೆಟ್ಟದ್ದಾಗುತ್ತದೆ ಎಂಬ ಎಚ್ಚರಿಕೆ ಕೊಟ್ಟಿದ್ದರು. ಸಂವಿಧಾನವನ್ನು ಕೆಡಿಸಲು ಅದನ್ನು ಸುಡಬೇಕಾಗಿಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ಅಕ್ರಮವಾಗಿ ಜೈಲಿಗೆ ಹಾಕಿದರೂ ಕೋರ್ಟಿಗೆ ಬರುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಹೇಳಿಬಿಟ್ಟರು. ನ್ಯಾಯಮೂರ್ತಿ ಖನ್ನಾ ಒಬ್ಬರೇ ಬೇರೆ ನಿಂತರು. ಅದು ಕಣ್ಣಿಗೆ ಕಂಡ ಹೊಡೆತ. ಕಾಣದ ಹೊಡೆತ ಬೇರೆ ಥರದ್ದು. ಈ ಡ್ಯಾಮಿನಲ್ಲಿ ನೀರು ತುಂಬಿರುತ್ತದೆ, ಆದರೆ ಕಾಲುವೆ ಒಡೆದಿದ್ದರೆ ಕೊನೆಯ ಹೊಲಕ್ಕೆ ಬರುವುದಿಲ್ಲ. ಹಕ್ಕೂ ಹಾಗೆಯೇ. 14, 15, 17, 21, 23ನೇ ವಿಧಿಗಳು ಪುಸ್ತಕದಲ್ಲಿ ತುಂಬಿ ನಿಂತಿವೆ. ಠಾಣೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಸೋರಿ ಹೋಗುತ್ತವೆ.

ಸೋರುವ ಜಾಗ ತೋರಿಸುತ್ತೇವೆ, ನೋಡಿ.

1989ರಲ್ಲಿ ಅಟ್ರಾಸಿಟಿ ಕಾಯಿದೆ ಬಂತು. ಅದರ ಒಂದು ಕಲಮಿನಲ್ಲಿ, ಪರಿಶಿಷ್ಟರು ಎಂಬ ಕಾರಣಕ್ಕೆ ಮಾಡಿದ ಅಪರಾಧ ಎಂದು ಬರೆದಿತ್ತು. ಎಂಬ ಕಾರಣಕ್ಕೆ! ಈ ಎರಡು ಶಬ್ದಗಳಲ್ಲಿ ಎಷ್ಟು ಕೇಸು ಮುಳುಗಿದವು. ಅವನು ಕಾಮದಿಂದ ಮಾಡಿದ, ಜಾತಿಯಿಂದ ಅಲ್ಲ ಅಂತ ವಕೀಲರು ವಾದಿಸುವುದು, ಕೋರ್ಟು ತಲೆ ಆಡಿಸುವುದು. ಖೈರ್ಲಾಂಜಿಯಲ್ಲಿ 2006ರ ಸೆಪ್ಟೆಂಬರ್ 29ರಂದು ಒಂದು ದಲಿತ ಮನೆತನದ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಊರೇ ಸೇರಿ ಕೊಂದಿತು. ಕೊಲೆಗೆ ಶಿಕ್ಷೆ ಆಯಿತು. ಆದರೆ ಕೆಳಗಿನ ಕೋರ್ಟಾಗಲಿ ಹೈಕೋರ್ಟಾಗಲಿ ಅಲ್ಲಿ ಅಟ್ರಾಸಿಟಿ ಕಾಣಲಿಲ್ಲ. 2016ರ ತಿದ್ದುಪಡಿ ಆ ಶಬ್ದ ಬದಲಿಸಿ, ಪರಿಶಿಷ್ಟರು ಅಂತ ಗೊತ್ತಿದ್ದೂ ಮಾಡಿದರೆ ಸಾಕು ಎಂದಿತು. ಊರಿನಲ್ಲಿ ಪರಿಚಯ ಇದ್ದವನಿಗೆ ಜಾತಿ ಗೊತ್ತೇ ಇತ್ತು ಅಂತ ಕೋರ್ಟು ಭಾವಿಸಬೇಕು ಎಂದೂ ಹೇಳಿತು. 2021ರ ಏಪ್ರಿಲ್ 27ರಂದು, ಆಂಧ್ರದ ಒಬ್ಬ ಕುರುಡ ದಲಿತ ಹುಡುಗಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜಾತಿ, ಹೆಣ್ತನ, ಅಂಗವೈಕಲ್ಯ ಮೂರೂ ಸೇರಿಯೇ ಅವಳ ಮೇಲೆ ಹಿಂಸೆ ಬಿದ್ದಿತು, ಬಿಡಿಸಿ ನೋಡಬಾರದು ಎಂದು ಚೆಂದಾಗಿ ಬರೆಯಿತು. ಅತ್ಯಾಚಾರದ ಶಿಕ್ಷೆ ಎತ್ತಿ ಹಿಡಿಯಿತು. ಆದರೆ ಘಟನೆ 2011ರದ್ದು, ಹಳೆಯ ಶಬ್ದದ ಕಾಲದ್ದು, ಆದ್ದರಿಂದ ಅಟ್ರಾಸಿಟಿ ಕಲಮು ಉಳಿಯಲಿಲ್ಲ. ಎರಡು ಶಬ್ದದ ಬೆಲೆ ಎಷ್ಟು ಅಂತ ತಿಳೀತಲ್ಲ?

ಇನ್ನೊಂದು. 2018ರ ಮಾರ್ಚ್ 20ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಅಟ್ರಾಸಿಟಿ ಕಾಯಿದೆ ದುರುಪಯೋಗ ಆಗುತ್ತಿದೆ, ಕೇಸು ದಾಖಲಿಸುವ ಮೊದಲೇ ಪ್ರಾಥಮಿಕ ವಿಚಾರಣೆ ಮಾಡಬಹುದು ಎಂದರು. ಬಂಧಿಸಲು ಮೇಲಿನವರ ಅಪ್ಪಣೆ ಬೇಕು ಎಂದರು. ಏಪ್ರಿಲ್ 2ರಂದು ದೇಶ ಬಂದ್ ಆಯಿತು. ಉತ್ತರದ ರಾಜ್ಯಗಳಲ್ಲಿ ನಮ್ಮವರು ಪ್ರಾಣ ಕೊಟ್ಟರು. ಅದೇ ಆಗಸ್ಟಿನಲ್ಲಿ ಸಂಸತ್ತು 18-ಎ ಕಲಮು ಸೇರಿಸಿ, ಅಟ್ರಾಸಿಟಿ ದೂರಿಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದಿತು. 2020ರ ಫೆಬ್ರವರಿ 10ರಂದು ಸುಪ್ರೀಂ ಕೋರ್ಟೂ ಅದನ್ನು ಒಪ್ಪಿತು. ಬೀದಿಗೆ ಬಂದದ್ದರಿಂದ ಉಳಿದ ಕಲಮು ಅದು.

ಆದರೆ ಒಂದು ಬಾಗಿಲಿನಿಂದ ಹೊರಗೆ ಹಾಕಿದ್ದು ಇನ್ನೊಂದು ಬಾಗಿಲಿನಿಂದ ಬಂತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ, ಅದರ ಜೊತೆಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದವು. ಒಳ್ಳೆಯದೂ ಐತಿ, ಮುಚ್ಚಿಡುವುದಿಲ್ಲ. ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂಬುದು ಕಾನೂನಿನಲ್ಲೇ ಬಂತು. ಅತ್ಯಾಚಾರದ ವೈದ್ಯಕೀಯ ವರದಿ ಏಳು ದಿನದಲ್ಲಿ ತನಿಖಾಧಿಕಾರಿಗೆ ತಲುಪಬೇಕು ಎಂದಾಯಿತು. ಆದರೆ ಸುರಕ್ಷಾ ಸಂಹಿತೆಯ 173ನೇ ಕಲಮಿನ ಮೂರನೇ ಉಪಕಲಮು ಓದಿ. ಮೂರು ವರ್ಷದಿಂದ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧವಾದರೆ, ಡಿವೈಎಸ್ಪಿ ಅಪ್ಪಣೆ ಪಡೆದು, ಎಫ್ಐಆರ್‌ಗೆ ಮುಂಚೆ ಹದಿನಾಲ್ಕು ದಿನ ಪ್ರಾಥಮಿಕ ವಿಚಾರಣೆ ಮಾಡಬಹುದು. ಇದರೊಳಗೆ ಯಾವ ಅಪರಾಧ ಬರುತ್ತವೆ ಗೊತ್ತೇನು? ಹೆಣ್ಣುಮಗಳ ಮಾನಕ್ಕೆ ಕೈ ಹಾಕುವುದು, ಲೈಂಗಿಕ ಕಿರುಕುಳ ಕೊಡುವುದು, ಹಿಂದೆ ಬಿದ್ದು ಕಾಡುವುದು. ಅಂದರೆ ಬಸ್ ಸ್ಟ್ಯಾಂಡಿನಲ್ಲಿ, ಹಾಸ್ಟೆಲ್ ದಾರಿಯಲ್ಲಿ, ಹೊಲದ ಬದುವಿನಲ್ಲಿ ದಿನಾ ನಡೆಯುವ ಸಂಗತಿಗಳೇ. ಹದಿನಾಲ್ಕು ದಿನ ಅಂದರೆ ಊರಿನಲ್ಲಿ ಏನು ಅಂತ ನಮಗೆ ಗೊತ್ತು. ಮೊದಲ ದಿನ ಹಿರಿಯರು ಬರುತ್ತಾರೆ. ಎರಡನೇ ದಿನ ಕೂಲಿ ನಿಲ್ಲುತ್ತದೆ. ಮೂರನೇ ದಿನ ರೊಕ್ಕದ ಮಾತು. ಐದನೇ ದಿನ, "ಹುಡುಗೀಗೆ ನಾಳೆ ಲಗ್ನ ಆಗೂದು ಬ್ಯಾಡೇನು?" ಅಂತಾರ. ಹದಿನಾಲ್ಕನೇ ದಿನಕ್ಕೆ ದೂರೇ ಇರುವುದಿಲ್ಲ.

ಪೆನ್ನು ತೆಗೀರಿ, ಇದನ್ನು ಬರಕೊಳ್ರಿ. ನೊಂದವಳು ಪರಿಶಿಷ್ಟಳಾಗಿ, ಮಾಡಿದವನು ಪರಿಶಿಷ್ಟನಲ್ಲದಿದ್ದರೆ, ಅಟ್ರಾಸಿಟಿ ಕಾಯಿದೆಯ 3(1)(ಡಬ್ಲ್ಯು) ಕಲಮು ಹಚ್ಚಿರಿ ಅಂತ ಕೇಳಬೇಕು. ಅನುಮತಿ ಇಲ್ಲದೆ ಕೆಟ್ಟ ಉದ್ದೇಶದಿಂದ ಮುಟ್ಟುವುದು, ಅಂಥ ಮಾತು, ಸನ್ನೆ ಎಲ್ಲ ಅದರೊಳಗೆ ಬರುತ್ತವೆ. ಆ ಕಲಮು ಬಿದ್ದರೆ 18-ಎ ಕಾಪಾಡುತ್ತದೆ, ಹದಿನಾಲ್ಕು ದಿನದ ಮಾತು ನಡೆಯದು. ಬೆತ್ತಲೆ ಮಾಡಿದರೆ, ಮೆರವಣಿಗೆ ಮಾಡಿದರೆ 3(1)(ಡಿ) ಮತ್ತು (ಇ). ದೇವದಾಸಿ ಬಿಟ್ಟರೆ 3(1)(ಕೆ). ದೂರು ಬರೆದುಕೊಳ್ಳದ ಅಧಿಕಾರಿಗೆ ಅದೇ ಕಾಯಿದೆಯ 4ನೇ ಕಲಮು ಐತಿ, ನ್ಯಾಯ ಸಂಹಿತೆಯ 199ನೇ ಕಲಮು ಐತಿ. ಆರೋಪಿಯ ಜಾಮೀನು ಅರ್ಜಿ ಬಂದರೆ ನೊಂದವರ ಮಾತು ಕೇಳಲೇಬೇಕೆಂದು 15-ಎ ಹೇಳುತ್ತದೆ. ಹದಿನೆಂಟು ತುಂಬದ ಹುಡುಗಿಯಾದರೆ 2012ರ ಪೋಕ್ಸೋ ಕಾಯಿದೆ ಐತಿ, ಅಲ್ಲಿ ಒಪ್ಪಿಗೆಯ ಮಾತೇ ಏಳುವುದಿಲ್ಲ. ದೂರಿನ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ಇಸಕೊಳ್ಳಬೇಕು. ವಕೀಲರಿಗೆ ರೊಕ್ಕ ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬೇಕು. ಹೆಂಗಸರಿಗೆ, ಪರಿಶಿಷ್ಟರಿಗೆ ಅದು ಹಕ್ಕು, ಭಿಕ್ಷೆಯಲ್ಲ.

ಚಹಾದ ಹೊತ್ತಿನಲ್ಲಿ ಒಬ್ಬ ತಮ್ಮ ಕೇಳಿದ, "ಅಣ್ಣಾರ, ಇಷ್ಟೆಲ್ಲಾ ಯಾಕ? ಗಲ್ಲಿಗೆ ಹಾಕಿದ್ರ ಮುಗೀತಲ್ಲ?" ಅವನ ಸಿಟ್ಟು ನಮಗೆ ಅರ್ಥ ಆಗುತ್ತದೆ. 2018ರಲ್ಲಿ ಹನ್ನೆರಡು ವರ್ಷದೊಳಗಿನ ಹುಡುಗಿಯರ ಮೇಲಿನ ಅತ್ಯಾಚಾರಕ್ಕೆ ಗಲ್ಲು ತಂದರು. ಹೊಸ ಸಂಹಿತೆ ಹದಿನೆಂಟರೊಳಗಿನವರ ಮೇಲಿನ ಸಾಮೂಹಿಕ ಅತ್ಯಾಚಾರಕ್ಕೂ ತಂದಿತು. ಆದರೆ ತಮ್ಮಾ, ದೂರೇ ದಾಖಲಾಗದ ಕಡೆ ಹಗ್ಗ ಎಷ್ಟು ದಪ್ಪ ಇದ್ದರೇನು? ಶಿಕ್ಷೆ ಏರಿಸುವುದು ಸರ್ಕಾರಕ್ಕೆ ಖರ್ಚಿಲ್ಲದ ಕೆಲಸ, ಒಂದು ದಿನದಲ್ಲಿ ಆಗುತ್ತದೆ. ಠಾಣೆಗೆ ಹೆಣ್ಣು ಅಧಿಕಾರಿಯನ್ನು ಹಾಕುವುದು, ಸಾಕ್ಷಿಗೆ ರಕ್ಷಣೆ ಕೊಡುವುದು, ಊರು ಬಹಿಷ್ಕಾರ ಹಾಕಿದಾಗ ಮನೆಗೆ ಜೋಳ ಮುಟ್ಟಿಸುವುದು, ಇವಕ್ಕೆ ಖರ್ಚು ಐತಿ, ಮನಸ್ಸೂ ಬೇಕು. ಬಿಲ್ಕಿಸ್ ಬಾನೊ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಆದ ಹನ್ನೊಂದು ಮಂದಿಯನ್ನು ಗುಜರಾತ್ ಸರ್ಕಾರ 2022ರ ಆಗಸ್ಟ್ 15ರಂದು, ಸ್ವಾತಂತ್ರ್ಯದ ದಿನವೇ, ಬಿಡುಗಡೆ ಮಾಡಿತು. ಹಾರ ಹಾಕಿದರು, ಸಿಹಿ ಹಂಚಿದರು. 2024ರ ಜನವರಿ 8ರಂದು ಸುಪ್ರೀಂ ಕೋರ್ಟು ಆ ಬಿಡುಗಡೆ ರದ್ದು ಮಾಡಿ ಮತ್ತೆ ಜೈಲಿಗೆ ಕಳಿಸಿತು. ಶಿಕ್ಷೆ ಬರೆಯುವವರು ಒಬ್ಬರು, ಸಡಿಲಿಸುವವರು ಇನ್ನೊಬ್ಬರು. ಆ ಇನ್ನೊಬ್ಬರ ಮೇಲೆ ಕಣ್ಣಿಡಬೇಕು.

ನಮ್ಮ ಕರ್ನಾಟಕದ ಹೈಕೋರ್ಟಿನಲ್ಲೇ ಎರಡೂ ಮುಖ ನೋಡಿದ್ದೇವೆ. 2020ರ ಜೂನ್‌ನಲ್ಲಿ ಒಂದು ಜಾಮೀನು ಆದೇಶದಲ್ಲಿ, ಅತ್ಯಾಚಾರದ ಬಳಿಕ ದಣಿದು ಮಲಗಿದೆ ಎಂಬ ಹೇಳಿಕೆ ನಮ್ಮ ಹೆಂಗಸರಿಗೆ ತಕ್ಕುದಲ್ಲ ಎಂಬರ್ಥದ ಮಾತು ಬಂತು. ಪ್ರತಿಭಟನೆ ಎದ್ದ ಮೇಲೆ ಆ ಮಾತನ್ನು ತೆಗೆದರು. 2022ರ ಮಾರ್ಚ್ 23ರಂದು ಅದೇ ಹೈಕೋರ್ಟು, ಗಂಡನಾದರೂ ಅತ್ಯಾಚಾರ ಅತ್ಯಾಚಾರವೇ ಎಂದು ಧೈರ್ಯದಿಂದ ಹೇಳಿತು. ಅದಕ್ಕೆ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಹೊಸ ಸಂಹಿತೆ ಬರೆಯುವಾಗಲೂ ಗಂಡನಿಗೆ ಇದ್ದ ವಿನಾಯಿತಿಯನ್ನು ಹಾಗೇ ಉಳಿಸಿಕೊಂಡರು. ತಾಳಿ ಕಟ್ಟಿದ ದಿನವೇ ಒಂದು ಜೀವಮಾನದ ಒಪ್ಪಿಗೆ ಬರೆಸಿಕೊಂಡ ಹಾಗೆ. ಮುತ್ತು ಕಟ್ಟುವುದಕ್ಕೂ ಇದಕ್ಕೂ ಈ ಒಂದು ವಿಷಯದಲ್ಲಿ ಏನು ಫರಕು?

ಇನ್ನು ನಮ್ಮ ಜಿಲ್ಲೆಯ ಮಾತು. 2023ರ ಡಿಸೆಂಬರ್ 11ರ ನಡುರಾತ್ರಿ, ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿ. ಮಗ ಪ್ರೀತಿಸಿದ ಹುಡುಗಿಯ ಜೊತೆ ಊರು ಬಿಟ್ಟ. ಹುಡುಗಿಯ ಕಡೆಯವರು ಹುಡುಗನ ತಾಯಿಯನ್ನು ಮನೆಯಿಂದ ಎಳೆದು, ಬೆತ್ತಲೆ ಮಾಡಿ ಮೆರೆಸಿ, ವಿದ್ಯುತ್ ಕಂಬಕ್ಕೆ ಕಟ್ಟಿದರು. ಆ ದಿನಗಳಲ್ಲಿ ಇಡೀ ಸರ್ಕಾರ, ಎಲ್ಲ ಶಾಸಕರು ಅಧಿವೇಶನಕ್ಕೆಂದು ಬೆಳಗಾವಿಯ ಸುವರ್ಣ ಸೌಧದಲ್ಲೇ ಇದ್ದರು. ಹೈಕೋರ್ಟು ಯಾರೂ ಅರ್ಜಿ ಹಾಕುವ ಮುನ್ನ ತಾನೇ ಪ್ರಕರಣ ಕೈಗೆತ್ತಿಕೊಂಡಿತು, ಅದು ದೊಡ್ಡ ಮಾತು. ಅಂದಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ವರಾಳೆ ಅವರು, ದ್ರೌಪದಿಗೆ ಕೃಷ್ಣ ಬಂದ, ಈ ತಾಯಿಗೆ ಯಾರೂ ಬರಲಿಲ್ಲ ಎಂದು ನೊಂದು ನುಡಿದರು. ಸುಮ್ಮನೆ ನಿಂತು ನೋಡಿದ ಊರಿಗೂ ದಂಡ ಹಾಕಬೇಕಲ್ಲವೇ ಎಂದೂ ಕೇಳಿದರು. ನಾವು ಆ ಪ್ರಶ್ನೆಯ ಮುಂದೆ ನಿಲ್ಲಬೇಕು. ಕೃಷ್ಣ ಬರುವುದಿಲ್ಲ. ಬರಬೇಕಾದವರು ಪಕ್ಕದ ಮನೆಯವರು. ಆ ರಾತ್ರಿ ನೀವಿದ್ದಿದ್ದರೆ ಬಾಗಿಲು ತೆಗೆಯುತ್ತಿದ್ದಿರೇನು?

ಕಡೆಗೆ ನಮ್ಮ ಕೇರಿಯ ಮಾತು, ಇದನ್ನು ಹೇಳದೆ ಹೋದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಮೇಲಿನ ಓಣಿಯವನು ಮುಟ್ಟಿದರೆ ನಾವು ಮೋರ್ಚಾ ಹೊರಡುತ್ತೇವೆ. ನಮ್ಮ ಹು‌ಡುಗನೇ ಮಾಡಿದರೆ? "ಚಳವಳಿಗೆ ಕೆಟ್ಟ ಹೆಸರು ಬರ್ತದ, ಒಳಗ ಮುಗಿಸೂಣು" ಅಂತೀವಿ. ಆಗ ನಮ್ಮ ಹಟ್ಟಿಯ ಹಿರಿಯರಿಗೂ ಆ ಊರ ಗೌಡನಿಗೂ ಏನು ಅಂತರ ಉಳಿಯಿತು? ದೇವದಾಸಿ ತಾಯಿಯ ಮಗನನ್ನು ಜಗಳದಲ್ಲಿ ಬೈಯುವಾಗ ನಮ್ಮ ಬಾಯಿಂದ ಯಾವ ಶಬ್ದ ಬರುತ್ತದೆ? ಅದೇ ಶಬ್ದ ಅವನ ಅವ್ವನನ್ನು ಎರಡನೇ ಸಲ ಗುಡ್ಡ ಹತ್ತಿಸುತ್ತದೆ. ಬಾಬಾಸಾಹೇಬರ ಫೋಟೊ ಹಾಕಿದ ಕೋಣೆಯಲ್ಲಿ ಆ ಶಬ್ದ ಬರಬಾರದು. ಇದು ಕಾನೂನು ಮಾಡಿಕೊಡುವ ಕೆಲಸವಲ್ಲ, ನಾವೇ ಮಾಡಬೇಕಾದದ್ದು.

1929ರಲ್ಲಿ ಬಾಬಾಸಾಹೇಬರು ಧಾರವಾಡದಲ್ಲಿ ನಮ್ಮ ಮಕ್ಕಳಿಗಾಗಿ ಒಂದು ವಸತಿ ಶಾಲೆ ಮಾಡಿದರು. ಹಾಸ್ಟೆಲ್ ಅಂದರೆ ಬರೀ ಅನ್ನ, ಚಾಪೆ ಅಂತ ಅವರು ತಿಳಿದಿರಲಿಲ್ಲ. ಆದ್ದರಿಂದ ಇವತ್ತು ಇಲ್ಲಿಂದ ಏಳುವ ಮುಂಚೆ ಮೂರು ಕೆಲಸ ಒಪ್ಪಿಕೊಳ್ಳೋಣ. ಪ್ರತಿ ಹಾಸ್ಟೆಲಿನಲ್ಲಿ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಈ ಕಲಮುಗಳನ್ನು ಬಾಯಿಪಾಠ ಮಾಡಬೇಕು. ದೂರು ಕೊಡಲು ಹೊರಟ ಹೆಣ್ಣುಮಗಳು ಒಬ್ಬಳೇ ಠಾಣೆಗೆ ಹೋಗದ ಹಾಗೆ ನೋಡಿಕೊಳ್ಳಬೇಕು. ದೂರು ಬರೆದ ದಿನದಿಂದ ತೀರ್ಪಿನ ತನಕ, ಎಷ್ಟು ವರ್ಷವಾದರೂ, ತಾರೀಖಿಗೆ ಅವಳ ಜೊತೆ ಕೋರ್ಟಿನಲ್ಲಿ ಒಬ್ಬರಾದರೂ ಕುಂತಿರಬೇಕು. ಮೂರನೆಯದೇ ಕಷ್ಟದ್ದು. ಮೋರ್ಚಾದಲ್ಲಿ ಸಾವಿರ ಮಂದಿ ಇರುತ್ತೇವೆ, ಐದನೇ ವರ್ಷದ ತಾರೀಖಿಗೆ ಅವಳು, ಅವಳವ್ವ ಇಬ್ಬರೇ ಇರುತ್ತಾರೆ. ಕೇಸು ಸೋಲುವುದು ಅಲ್ಲಿ.

ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಲಕ್ಷ ಲಕ್ಷ ಜನ ಗುಡ್ಡಕ್ಕೆ ಬರುತ್ತಾರೆ. ನಮ್ಮ ಮನೆಯವರೂ ಬರುತ್ತಾರೆ. ಈ ಸಲ ಅವರ ಜೊತೆ ನೀವೂ ಬನ್ನಿ, ಈ ಹಾಳೆಗಳನ್ನು ಚೀಲದಲ್ಲಿಟ್ಟುಕೊಂಡು ಬನ್ನಿ. ಕೊರಳಿಗೆ ಮುತ್ತು ಹಾಕಿಸಿಕೊಂಡ ಸಣ್ಣ ಹುಡುಗಿ ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ಪಕ್ಕದಲ್ಲಿ ನಿಂತವರನ್ನು ಮೆಲ್ಲಗೆ, ಆದರೆ ಬಿಡದೆ ಕೇಳಿ: ಈ ಕೂಸಿನ ಒಪ್ಪಿಗೆ ಯಾರನ್ನು ಕೇಳಿ ಬರೆದುಕೊಂಡಿರಿ?

ಜೈ ಭೀಮ್.